ನಕ್ಷತ್ರದ ದೂರ ಅಳೆದ ವೈನು ಬಪ್ಪು

1980ರ ಫೆಬ್ರುವರಿ 16, ಶನಿವಾರ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಉತ್ತರ ಕರ್ನಾಟಕದ ಮೇಲೆ ಚಂದ್ರನ ನೆರಳು ಹಾದುಹೋಯಿತು. ಅರಬ್ಬಿ ಸಮುದ್ರದಿಂದ ಬಂದು ಅಂಕೋಲಾ ಬಳಿ ಕರಾವಳಿ ಮುಟ್ಟಿದ ಪೂರ್ಣ ಸೂರ್ಯಗ್ರಹಣದ ಪಥ ಹುಬ್ಬಳ್ಳಿ, ರಾಯಚೂರುಗಳನ್ನು ದಾಟಿ ಆಂಧ್ರದತ್ತ ಸಾಗಿತು. ಪಥದ ದಕ್ಷಿಣದ ಅಂಚು ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯ ಆಸುಪಾಸಿನಲ್ಲಿತ್ತು. ಬಹುಪಾಲು ಜನ ಬಾಗಿಲು ಹಾಕಿಕೊಂಡು ಮನೆಯೊಳಗೇ ಉಳಿದರು. ಬೀದಿಗಳು ಬಿಕೋ ಎನ್ನುತ್ತಿದ್ದವು. ಅದೇ ಹೊತ್ತಿನಲ್ಲಿ ಸಿಂಧನೂರು ತಾಲ್ಲೂಕಿನ ಜವಳಗೇರಾ ಎಂಬ ಊರಿನ ಬಯಲಿನಲ್ಲಿ ವಿಜ್ಞಾನಿಗಳ ಒಂದು ದೊಡ್ಡ ಶಿಬಿರ ಬೀಡುಬಿಟ್ಟಿತ್ತು. ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಆ ಕತ್ತಲೆಗಾಗಿ ಅವರು ತಿಂಗಳುಗಳಿಂದ ಸಿದ್ಧತೆ ನಡೆಸಿದ್ದರು. ಶಿಬಿರ ಹೂಡಿದ್ದ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನಿರ್ದೇಶಕರು ಡಾ. ಎಂ.ಕೆ. ವೈನು ಬಪ್ಪು. ಆಗ ಅವರಿಗೆ 52 ವರ್ಷ. ಹಿಂದಿನ ವರ್ಷವಷ್ಟೇ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾಗಿದ್ದರು. ಇಡೀ ಜಗತ್ತಿನ ಖಗೋಳ ವಿಜ್ಞಾನಿಗಳ ಸಂಘಟನೆಯ ಮುಖ್ಯಸ್ಥರಾದವರು ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಬಯಲನ್ನು ಹುಡುಕಿಕೊಂಡು ಬಂದಿದ್ದರು.

ಹಾಗೆ ನೋಡಿದರೆ ಆ ಸೀಮೆ ಅವರಿಗೆ ತೀರಾ ಅಪರಿಚಿತವೇನಲ್ಲ. ರಾಯಚೂರು ಜಿಲ್ಲೆ 1956ರವರೆಗೂ ಹೈದರಾಬಾದ್ ರಾಜ್ಯದಲ್ಲಿತ್ತು. ಬಪ್ಪು ಬೆಳೆದದ್ದು ಅದೇ ರಾಜ್ಯದ ರಾಜಧಾನಿಯಲ್ಲಿ.

ಮನಾಲಿ ಕಲ್ಲಟ್ ವೈನು ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ಮನೆತನ ಕೇರಳದ ಕಣ್ಣೂರು ಸೀಮೆಯದು. ತಂದೆ ತಾಯಿಗೆ ಒಬ್ಬನೇ ಮಗ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸಹಾಯಕರಾಗಿ ಕೆಲಸ ಮಾಡುತ್ತಿದ್ದರು. ನಿಜಾಮಿಯಾ ವೀಕ್ಷಣಾಲಯ ಆ ಕಾಲದಲ್ಲಿ ಹೆಸರುವಾಸಿಯಾದದ್ದು. ಇಡೀ ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ಅದಕ್ಕೂ ಒಂದು ಪಾಲು ದೊರೆತಿತ್ತು. ಬೇರೆ ಹುಡುಗರು ಶಾಲೆಯ ಪುಸ್ತಕದಲ್ಲಿ ಓದಿ ತಿಳಿಯುವುದನ್ನು ಈ ಹುಡುಗ ಅಪ್ಪನ ಕಚೇರಿಯಲ್ಲಿ ಕಣ್ಣಾರೆ ಕಂಡ. ನಿಜಾಂ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, ಬೆಳಕು ಏರಿಳಿಯುವ ನಕ್ಷತ್ರಗಳನ್ನು ಗಮನಿಸಿ ಲೇಖನ ಪ್ರಕಟಿಸಿದರು. ಬೆಳಕಿನ ಏರಿಳಿತವನ್ನು ರಾತ್ರಿಯಿಂದ ರಾತ್ರಿಗೆ ಬಿಡದೆ ಗುರುತು ಹಾಕಿಕೊಳ್ಳುವುದು ಬೇಸರದ ಕೆಲಸ. ಮೋಡ ಕವಿದ ಒಂದು ವಾರ ಇಡೀ ತಿಂಗಳ ಲೆಕ್ಕವನ್ನು ಹಾಳುಮಾಡಬಲ್ಲದು. ಈ ಕೆಲಸದ ರೂಢಿ ಬಪ್ಪು ಅವರಿಗೆ ಇಪ್ಪತ್ತರೊಳಗೇ ಆಗಿಹೋಗಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವರು ಮುಂದೆ ಮಾಡಿದ ಆಯ್ಕೆಗಳಿಗೂ, ಅವರ ನಂತರ ಬೆಂಗಳೂರಿನಲ್ಲಿ ನಡೆದ ಒಂದು ಅಳತೆಗೂ ಇದೇ ತಳಹದಿ.

ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1949ರ ಆರಂಭದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಹೋಗಿ ಆರು ತಿಂಗಳಾಗಿತ್ತು ಅಷ್ಟೆ. ಜುಲೈ 2ರ ರಾತ್ರಿ ತೆಗೆದ ಛಾಯಾಚಿತ್ರದ ಫಲಕವೊಂದರಲ್ಲಿ, ಇರಬಾರದ ಕಡೆ ಒಂದು ಮಸುಕು ಗೆರೆ ಕಾಣಿಸಿತು. ಅದು ಹೊಸ ಧೂಮಕೇತು. ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಜತೆಗೂಡಿ ಅದನ್ನು ಖಚಿತಪಡಿಸಿಕೊಂಡರು. ಅದಕ್ಕೆ ಬಪ್ಪು-ಬಾಕ್-ನ್ಯೂಕರ್ಕ್ ಎಂದೇ ಹೆಸರಾಯಿತು. ಪೆಸಿಫಿಕ್ ಖಗೋಳ ಸಂಘ ಡೊನೊಹೊ ಪದಕ ನೀಡಿ ಗೌರವಿಸಿತು. 22 ತುಂಬದ ಹುಡುಗನಿಗೆ ಇಷ್ಟು ಸಾಕಿತ್ತು, ಪತ್ರಿಕೆಗಳಲ್ಲಿ ಹೆಸರು ಬರಲು. ಆದರೆ ಧೂಮಕೇತು ಅದೃಷ್ಟದ ಮಾತು. ಅವರ ಹೆಸರನ್ನು ಪಠ್ಯಪುಸ್ತಕಗಳಲ್ಲಿ ಉಳಿಸಿದ್ದು ಬೇರೆಯೇ ಒಂದು ಕೆಲಸ.

1952ರಲ್ಲಿ ಪಿಎಚ್‌.ಡಿ ಮುಗಿಯಿತು. ಕಾರ್ನೆಗಿ ಫೆಲೊಶಿಪ್ ಪಡೆದು ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಿಗೆ ಹೋದರು. ಪಾಲೊಮಾರ್‌ನ 200 ಅಂಗುಲದ ದೂರದರ್ಶಕ ಆಗ ಜಗತ್ತಿನಲ್ಲೇ ದೊಡ್ಡದು. ಅಲ್ಲಿ ಓಲಿನ್ ವಿಲ್ಸನ್ ಎಂಬ ಹಿರಿಯ ವಿಜ್ಞಾನಿಯ ಜತೆ ಬಪ್ಪು ಒಂದು ವಿಚಿತ್ರ ಸಂಗತಿಯ ಬೆನ್ನು ಹತ್ತಿದರು. ಸೂರ್ಯನಂಥ ಅಥವಾ ಸೂರ್ಯನಿಗಿಂತ ತಣ್ಣಗಿನ ನಕ್ಷತ್ರದ ಬೆಳಕನ್ನು ರೋಹಿತವಾಗಿ ಬಿಡಿಸಿದರೆ, ನೇರಳೆ ತುದಿಯಲ್ಲಿ ಕ್ಯಾಲ್ಸಿಯಂ ಮೂಡಿಸುವ ಒಂದು ಅಗಲವಾದ ಕಪ್ಪು ಪಟ್ಟಿ ಕಾಣುತ್ತದೆ. ಅದಕ್ಕೆ ಕೆ ರೇಖೆ ಎಂದು ಹೆಸರು. ಆ ಕಪ್ಪಿನ ನಡುವೆ ಒಂದು ಸಣ್ಣ ಬೆಳ್ಳಿಗೆರೆ ಹೊಳೆಯುತ್ತಿರುತ್ತದೆ. ಈ ಬೆಳ್ಳಿಗೆರೆಯ ಅಗಲಕ್ಕೂ ನಕ್ಷತ್ರದ ನಿಜವಾದ ಕಾಂತಿಗೂ ನೇರ ಸಂಬಂಧವಿದೆ ಎಂಬುದು ಇಬ್ಬರೂ ಸೇರಿ ಕಂಡುಕೊಂಡ ಸತ್ಯ. ದೈತ್ಯ ನಕ್ಷತ್ರದಲ್ಲಿ ಗೆರೆ ಅಗಲ, ಕುಬ್ಜ ನಕ್ಷತ್ರದಲ್ಲಿ ಕಿರಿದು. 1957ರಲ್ಲಿ ಪ್ರಕಟವಾದ ಈ ನಿಯಮಕ್ಕೆ ವಿಲ್ಸನ್-ಬಪ್ಪು ಪರಿಣಾಮ ಎಂದು ಹೆಸರು.

ಇದರಿಂದ ಏನು ಲಾಭ ಎಂದು ಕೇಳಬಹುದು. ರಾತ್ರಿ ದೂರದಲ್ಲಿ ಒಂದು ದೀಪ ಕಂಡರೆ ಅದು ಹತ್ತಿರದ ಸಣ್ಣ ದೀಪವೋ ದೂರದ ದೊಡ್ಡ ದೀಪವೋ ಹೇಳುವುದು ಕಷ್ಟ. ದೀಪದ ಮೇಲೆ ಅದು ಎಷ್ಟು ವಾಟ್ ಎಂದು ಬರೆದದ್ದು ಓದಲು ಸಿಕ್ಕರೆ ದೂರ ಲೆಕ್ಕ ಹಾಕಬಹುದು. ವಿಲ್ಸನ್ ಮತ್ತು ಬಪ್ಪು ನಕ್ಷತ್ರದ ಮೇಲಿನ ಆ ಬರಹವನ್ನು ಓದುವ ಬಗೆಯನ್ನು ತೋರಿಸಿಕೊಟ್ಟರು. ಖಗೋಳ ವಿಜ್ಞಾನದಲ್ಲಿ ದೂರ ಅಳೆಯುವುದು ಏಣಿ ಹತ್ತಿದ ಹಾಗೆ. ಹತ್ತಿರದ ನಕ್ಷತ್ರಗಳ ದೂರದ ಮೇಲೆ ಕಾಲಿಟ್ಟು ಇನ್ನಷ್ಟು ದೂರದವು, ಅವುಗಳ ಮೇಲೆ ನಿಂತು ಪಕ್ಕದ ಗೆಲಾಕ್ಸಿಗಳು, ಅಲ್ಲಿಂದ ವಿಶ್ವದ ಅಂಚಿನತ್ತ. ಆ ಏಣಿಯ ಕೆಳಗಿನ ಒಂದು ಮೆಟ್ಟಿಲಿನ ಮೇಲೆ ಬಪ್ಪು ಅವರ ಹೆಸರಿದೆ.

ಏಣಿಯ ತುದಿಯಲ್ಲಿರುವ ಪ್ರಶ್ನೆ ಆ ಕಾಲದ ದೊಡ್ಡ ಜಗಳವೂ ಆಗಿತ್ತು. ವಿಶ್ವ ಹಿಗ್ಗುತ್ತಿದೆ, ದೂರದ ಗೆಲಾಕ್ಸಿ ಹತ್ತಿರದ್ದಕ್ಕಿಂತ ವೇಗವಾಗಿ ಸರಿಯುತ್ತಿದೆ ಎಂದು ಎಡ್ವಿನ್ ಹಬಲ್ 1929ರಲ್ಲಿ ತೋರಿಸಿದ್ದು ಬಪ್ಪು ಕೆಲಸ ಮಾಡಿದ ಅದೇ ಮೌಂಟ್ ವಿಲ್ಸನ್‌ನಿಂದ. ಎಷ್ಟು ವೇಗ? ಪ್ರತಿ ಮೆಗಾಪಾರ್ಸೆಕ್‌ಗೆ, ಅಂದರೆ ಪ್ರತಿ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ, ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂದು ಹೇಳುವ ಆ ಅಂಕಿಯೇ ಹಬಲ್ ಸ್ಥಿರಾಂಕ. 1970ರ ದಶಕದಲ್ಲಿ ಒಂದು ಪಂಗಡ ಅದು 50 ಎಂದರೆ ಇನ್ನೊಂದು ಪಂಗಡ 100 ಎನ್ನುತ್ತಿತ್ತು. ವಿಶ್ವದ ವಯಸ್ಸೇ ಅರ್ಧಕ್ಕರ್ಧ ಹೆಚ್ಚುಕಡಿಮೆ ಆಗುವಷ್ಟು ವ್ಯತ್ಯಾಸ ಇದು. ಏಣಿಯ ಒಂದೊಂದು ಮೆಟ್ಟಿಲಿನ ತಪ್ಪೂ ಮೇಲಿನ ಮೆಟ್ಟಿಲಿಗೆ ಸೇರಿಕೊಂಡು ಬೆಳೆಯುತ್ತಿದ್ದುದೇ ಜಗಳದ ಮೂಲ.

ಪಾಲೊಮಾರ್‌ನಲ್ಲೇ ಉಳಿದಿದ್ದರೆ ಬಪ್ಪು ಆ ಜಗಳದ ನಡುವೆಯೇ ಇರುತ್ತಿದ್ದರು. ದೊಡ್ಡ ದೂರದರ್ಶಕ, ಒಳ್ಳೆಯ ಆಕಾಶ, ಸರಿಸಮಾನ ಜತೆಗಾರರು, ಎಲ್ಲವೂ ಇದ್ದವು. 1953ರಲ್ಲಿ ಅವರು ಭಾರತಕ್ಕೆ ಮರಳಿದರು. ಆಗ ದೇಶದಲ್ಲಿ ಹೇಳಿಕೊಳ್ಳುವಂಥ ದೂರದರ್ಶಕ ಒಂದೂ ಇರಲಿಲ್ಲ. ಬಂದವರಿಗೆ ತಕ್ಷಣ ಕೆಲಸವೂ ಸಿಗಲಿಲ್ಲ. 1954ರ ಕೊನೆಗೆ ಉತ್ತರ ಪ್ರದೇಶ ಸರ್ಕಾರ ವಾರಾಣಸಿಯಲ್ಲಿ ಆರಂಭಿಸಿದ ವೀಕ್ಷಣಾಲಯಕ್ಕೆ ಮುಖ್ಯಸ್ಥರಾದರು. ಬಯಲುಸೀಮೆಯ ಧೂಳಿನಲ್ಲಿ ನಕ್ಷತ್ರ ನೋಡಲಾಗದು ಎಂದು ಮರುವರ್ಷವೇ ಅದನ್ನು ನೈನಿತಾಲದ ಬೆಟ್ಟಕ್ಕೆ ಒಯ್ದರು. ಮುಂದೆ ಹಲವು ದಶಕಗಳ ಕಾಲ ದೇಶಕ್ಕೆ ಖಗೋಳ ವಿಜ್ಞಾನಿಗಳನ್ನು ಕೊಟ್ಟ ಸಂಸ್ಥೆ ಅದು. ವಿಲ್ಸನ್ ಜತೆಗಿನ ಪ್ರಸಿದ್ಧ ಲೇಖನ ಅಚ್ಚಾಗಿ ಹೊರಬಂದಾಗ ಅದರ ಲೇಖಕರಲ್ಲೊಬ್ಬರು ಹಿಮಾಲಯದ ತಪ್ಪಲಲ್ಲಿ ಕಟ್ಟಡ, ಕಡತ, ಅನುದಾನಗಳ ನಡುವೆ ಓಡಾಡುತ್ತಿದ್ದರು.

1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕ ಹುದ್ದೆ ಅವರಿಗೆ ಬಂತು. ವಯಸ್ಸು ಮೂವತ್ತರ ಆರಂಭ. 1899ರಲ್ಲಿ ಆರಂಭವಾದ ಕೊಡೈಕೆನಾಲ್‌ಗೆ ದೊಡ್ಡ ಇತಿಹಾಸವಿತ್ತು. ಸೂರ್ಯನ ಕಲೆಗಳಲ್ಲಿ ಅನಿಲ ಹರಿಯುವ ಬಗೆಯನ್ನು ಜಾನ್ ಎವರ್‌ಶೆಡ್ ಕಂಡುಹಿಡಿದದ್ದು 1909ರಲ್ಲಿ, ಇಲ್ಲಿಯೇ. ಆದರೆ ಅದು ಹವಾಮಾನ ಇಲಾಖೆಯ ಅಧೀನದ ಸರ್ಕಾರಿ ಕಚೇರಿ, ನೋಡುವುದು ಬಹುತೇಕ ಸೂರ್ಯನನ್ನು ಮಾತ್ರ. ಬಪ್ಪು ಸೂರ್ಯನನ್ನು ಬಿಡಲಿಲ್ಲ. ಕೆ.ಆರ್. ಶಿವರಾಮನ್ ಅವರ ಜತೆಗೂಡಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರದ ನಕ್ಷತ್ರಗಳಲ್ಲಿ ತಾವು ಅಳೆದಿದ್ದ ಆ ಬೆಳ್ಳಿಗೆರೆಗೆ ಸೂರ್ಯನ ಮೇಲ್ಮೈಯ ಯಾವ ಸಣ್ಣ ಬಿಂದುಗಳು ಕಾರಣ ಎಂಬುದನ್ನು ಹುಡುಕಿದರು. ಆದರೆ ಅವರ ಮನಸ್ಸು ರಾತ್ರಿಯ ಆಕಾಶದಲ್ಲಿತ್ತು. ಅದಕ್ಕೆ ಕೊಡೈಕೆನಾಲ್ ಹೇಳಿಮಾಡಿಸಿದ ಜಾಗವಲ್ಲ.

ದಕ್ಷಿಣ ಭಾರತದ ಬೆಟ್ಟಗಳನ್ನು ಒಂದೊಂದಾಗಿ ಪರಿಶೀಲಿಸಿ ಅವರು ಆರಿಸಿಕೊಂಡದ್ದು ತಮಿಳುನಾಡಿನ ಜವ್ವಾದಿ ಬೆಟ್ಟಸಾಲಿನ ಕಾವಲೂರು. ಗಂಧದ ಮರಗಳ ಕಾಡು, ಸಮುದ್ರಮಟ್ಟದಿಂದ ಸುಮಾರು 725 ಮೀಟರ್ ಎತ್ತರ, ಪಟ್ಟಣದ ದೀಪಗಳಿಂದ ದೂರ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ದಕ್ಷಿಣದ ಆಕಾಶವೂ ಸಾಕಷ್ಟು ಕಾಣುತ್ತದೆ. 1968ರಲ್ಲಿ ಅಲ್ಲಿ ಮೊದಲ ದೂರದರ್ಶಕ ಕೆಲಸ ಆರಂಭಿಸಿತು. ಕನ್ನಡಿಯ ಅಗಲ 38 ಸೆಂಟಿಮೀಟರ್ ಮಾತ್ರ. ಸಂಸ್ಥೆಯವರೇ ಮಾಡಿಕೊಂಡ ಉಪಕರಣ ಅದು. ಪಾಲೊಮಾರ್‌ನ 5 ಮೀಟರ್ ಕನ್ನಡಿಯ ಮುಂದೆ ಕುಳಿತಿದ್ದ ಮನುಷ್ಯ ಹದಿನೈದು ವರ್ಷಗಳ ನಂತರ ಒಂದು ಮೊಳಕ್ಕಿಂತ ಕಡಿಮೆ ಅಗಲದ ಕನ್ನಡಿಗೆ ಬಂದು ನಿಂತಿದ್ದರು. ಇದನ್ನು ತ್ಯಾಗ ಎಂದು ಹೊಗಳಿ ಮುಂದೆ ಹೋಗುವುದು ಸುಲಭ. ಹೊಸ ಸಂಶೋಧನೆಯ ದೃಷ್ಟಿಯಿಂದ ನೋಡಿದರೆ ಅದು ನಷ್ಟವೇ.

1972ರಲ್ಲಿ ಜರ್ಮನಿಯ ಕಾರ್ಲ್ ಜೈಸ್ ಕಂಪನಿಯ 1 ಮೀಟರ್ ದೂರದರ್ಶಕ ಕಾವಲೂರಿಗೆ ಬಂತು. ಫಲ ಬೇಗನೆ ಸಿಕ್ಕಿತು. ಅದೇ ವರ್ಷ ಜೂನ್‌ನಲ್ಲಿ ಗುರುಗ್ರಹದ ಉಪಗ್ರಹ ಗ್ಯಾನಿಮೀಡ್ ಒಂದು ನಕ್ಷತ್ರಕ್ಕೆ ಅಡ್ಡ ಬಂದಾಗ ಇಲ್ಲಿಂದ ಮತ್ತು ಇಂಡೊನೇಷ್ಯಾದಿಂದ ನಡೆದ ವೀಕ್ಷಣೆಯಲ್ಲಿ ಅದಕ್ಕೆ ತೆಳುವಾದ ವಾಯುಮಂಡಲ ಇರುವ ಸುಳಿವು ದೊರೆಯಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹದ ಸುತ್ತಲಿನ ಉಂಗುರಗಳು ಪತ್ತೆಯಾದ ರಾತ್ರಿ ಕಾವಲೂರಿನ ದೂರದರ್ಶಕವೂ ಆ ಕಡೆಗೇ ತಿರುಗಿತ್ತು. ಅಮೆರಿಕದವರು ವಿಮಾನದಲ್ಲಿ ದೂರದರ್ಶಕ ಹೊತ್ತು ಹಾರಿ ನೋಡಿದ್ದನ್ನು ಕಾವಲೂರಿನವರು ನೆಲದ ಮೇಲೆ ನಿಂತು ನೋಡಿದರು.

ಈ ನಡುವೆ 1971ರ ಏಪ್ರಿಲ್ 1ರಂದು ಕೊಡೈಕೆನಾಲ್ ವೀಕ್ಷಣಾಲಯ ಹವಾಮಾನ ಇಲಾಖೆಯಿಂದ ಬಿಡಿಸಿಕೊಂಡು ಸ್ವಾಯತ್ತ ಸಂಸ್ಥೆಯಾಯಿತು. ಅದೇ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಕೆಲವು ವರ್ಷಗಳಲ್ಲಿ ಅದರ ಕೇಂದ್ರ ಬೆಂಗಳೂರಿನ ಕೋರಮಂಗಲಕ್ಕೆ ಬಂತು. ಬಪ್ಪು ಅದಕ್ಕೆ ಬರೀ ನಿರ್ದೇಶಕರಾಗಿರಲಿಲ್ಲ. ಕನ್ನಡಿ ಉಜ್ಜುವ ಪ್ರಯೋಗಾಲಯ, ಯಂತ್ರಗಳ ಕಾರ್ಖಾನೆ, ಎಲೆಕ್ಟ್ರಾನಿಕ್ಸ್ ವಿಭಾಗ, ಗ್ರಂಥಾಲಯ, ಎಲ್ಲದರಲ್ಲೂ ಅವರ ಕೈವಾಡವಿತ್ತು. 1970ರಲ್ಲಿ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ ಬಂದವು.

ಬಪ್ಪು ಅವರ ಜೀವನದ ಅತಿ ದೊಡ್ಡ ಪಣ 2.34 ಮೀಟರ್ ದೂರದರ್ಶಕ. ವಿದೇಶದಿಂದ ಸಿದ್ಧವಾಗಿ ತರಿಸಬಹುದಿತ್ತು. ಬೇಡ, ಇಲ್ಲೇ ವಿನ್ಯಾಸವಾಗಲಿ, ಇಲ್ಲೇ ತಯಾರಾಗಲಿ ಎಂದು ಅವರು ಪಟ್ಟು ಹಿಡಿದರು. ಕನ್ನಡಿಯ ಗಾಜು ಮಾತ್ರ ಹೊರಗಿನದು. ಅದನ್ನು ತಿಕ್ಕಿ, ಉಜ್ಜಿ, ಬೆಳಕಿನ ಅಲೆಯ ಒಂದು ಸಣ್ಣ ಅಂಶದಷ್ಟೂ ಏರುಪೇರಿಲ್ಲದಂತೆ ನಯಗೊಳಿಸುವ ಹೊಣೆ ಬೆಂಗಳೂರಿನ ಪ್ರಯೋಗಾಲಯದಲ್ಲಿ ಎ.ಪಿ. ಜಯರಾಜನ್ ಅವರದು. ಕನ್ನಡಿಯನ್ನು ಹೊರುವ ಭಾರಿ ಉಕ್ಕಿನ ಚೌಕಟ್ಟನ್ನು ಮಹಾರಾಷ್ಟ್ರದ ವಾಲ್‌ಚಂದ್‌ನಗರ ಇಂಡಸ್ಟ್ರೀಸ್ ತಯಾರಿಸಿತು. ಇಂಥ ಕೆಲಸ ದೇಶದಲ್ಲಿ ಯಾರೂ ಮಾಡಿದವರಲ್ಲ. ಆದ್ದರಿಂದ ಪ್ರತಿ ಹಂತವೂ ತಡವಾಯಿತು.

ಈ ಹಟ ಸರಿಯೇ ಎಂಬ ಪ್ರಶ್ನೆ ಕೇಳಲೇಬೇಕು. 1970ರ ದಶಕದಲ್ಲೇ ಚಿಲಿ, ಆಸ್ಟ್ರೇಲಿಯಾಗಳಲ್ಲಿ 4 ಮೀಟರ್ ಗಾತ್ರದ ದೂರದರ್ಶಕಗಳು ಕೆಲಸ ಆರಂಭಿಸಿದ್ದವು. ಕಾವಲೂರಿಗೆ ಎರಡು ಮುಂಗಾರುಗಳ ಮೋಡ ಕವಿಯುತ್ತದೆ. ವರ್ಷದಲ್ಲಿ ತಿಂಗಳುಗಟ್ಟಲೆ ಗುಮ್ಮಟ ತೆರೆಯುವಂತಿಲ್ಲ. ಅಷ್ಟೇ ಪ್ರತಿಭೆಯುಳ್ಳವರನ್ನು ವಿದೇಶದ ದೊಡ್ಡ ದೂರದರ್ಶಕಗಳಿಗೆ ವರ್ಷಕ್ಕೆ ನಾಲ್ಕಾರು ರಾತ್ರಿ ಕಳಿಸಿದ್ದರೆ ಹೆಚ್ಚು ಸಂಶೋಧನೆ ಆಗುತ್ತಿತ್ತು ಎಂದು ವಾದಿಸಬಹುದು. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನಾಲ್ಕಾರು ರಾತ್ರಿಗಳಲ್ಲಿ ಆಗದ ಕೆಲಸಗಳೂ ಇವೆ. ಅವುಗಳಲ್ಲಿ ಒಂದು ಬಪ್ಪು ಬದುಕಿದ್ದಾಗಲೇ ತಲೆ ಎತ್ತಿತ್ತು.

1964ರಲ್ಲಿ ನಾರ್ವೆಯ ಓಸ್ಲೋದಲ್ಲಿ 28ರ ಹರೆಯದ ಸ್ಯೂರ್ ರೆಫ್ಸ್‌ದಾಲ್ ಎಂಬ ವಿಜ್ಞಾನಿ ಒಂದು ಲೆಕ್ಕ ಪ್ರಕಟಿಸಿದರು. ಭಾರವಾದ ವಸ್ತುವಿನ ಬಳಿ ಬೆಳಕು ಬಾಗುತ್ತದೆ ಎಂಬುದು ಐನ್‌ಸ್ಟೈನ್ ಹೇಳಿದ, 1919ರ ಸೂರ್ಯಗ್ರಹಣದಲ್ಲಿ ಖಚಿತವಾದ ಸಂಗತಿ. ಹಾಗಾದರೆ ದೂರದ ಬೆಳಕಿನ ಮೂಲವೊಂದಕ್ಕೂ ನಮಗೂ ನಡುವೆ ಒಂದು ಗೆಲಾಕ್ಸಿ ಅಡ್ಡ ನಿಂತರೆ, ಆ ಬೆಳಕು ಗೆಲಾಕ್ಸಿಯ ಎರಡೂ ಬದಿಯಿಂದ ಬಾಗಿ ಬಂದು ನಮಗೆ ಎರಡು ಬಿಂಬಗಳಾಗಿ ಕಾಣಬೇಕು. ಗೆಲಾಕ್ಸಿ ಇಲ್ಲಿ ಮಸೂರದಂತೆ ಕೆಲಸ ಮಾಡುತ್ತದೆ. ಎರಡು ದಾರಿಗಳ ಉದ್ದ ಒಂದೇ ಅಲ್ಲ. ಮೂಲದ ಬೆಳಕು ಏರಿಳಿದರೆ ಆ ಏರಿಳಿತ ಒಂದು ಬಿಂಬದಲ್ಲಿ ಮೊದಲು, ಇನ್ನೊಂದರಲ್ಲಿ ತಡವಾಗಿ ಕಾಣಬೇಕು. ಆ ತಡವನ್ನು ದಿನಗಳಲ್ಲಿ ಎಣಿಸಿದರೆ ಹಬಲ್ ಸ್ಥಿರಾಂಕ ಸಿಗುತ್ತದೆ, ಏಣಿಯ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ ಎಂಬುದು ರೆಫ್ಸ್‌ದಾಲ್ ಅವರ ಲೆಕ್ಕ.

ನಮ್ಮ ಕಡೆಯ ರಸ್ತೆಗಳಲ್ಲೇ ಇದನ್ನು ನೋಡಬಹುದು. ಹರಪನಹಳ್ಳಿಯಿಂದ ಹೊಸಪೇಟೆಗೆ ಇಬ್ಬರು ಒಟ್ಟಿಗೇ, ಒಂದೇ ವೇಗದಲ್ಲಿ ಹೊರಟರು ಎನ್ನಿ. ಒಬ್ಬ ಹಗರಿಬೊಮ್ಮನಹಳ್ಳಿ ಮೇಲೆ, ಇನ್ನೊಬ್ಬ ಕೊಟ್ಟೂರು, ಕೂಡ್ಲಿಗಿ ಮೇಲೆ. ಕೈಯಲ್ಲೊಂದು ನಕ್ಷೆ ಇದೆ. ದಾರಿಗಳ ಆಕಾರ, ಯಾವುದು ಎಷ್ಟು ಪಟ್ಟು ಸುತ್ತು ಎಂಬುದು ಅದರಲ್ಲಿದೆ. ಆದರೆ ಒಂದು ಅಂಗುಲಕ್ಕೆ ಎಷ್ಟು ಕಿಲೋಮೀಟರ್ ಎಂಬ ಮೂಲೆಯ ಬರಹ ಹರಿದುಹೋಗಿದೆ. ಇಬ್ಬರೂ ಹೊಸಪೇಟೆ ತಲುಪಿದ ಸಮಯದ ಅಂತರ ಗೊತ್ತಾದರೆ ಸಾಕು, ಹರಿದುಹೋದ ಆ ಅಳತೆ ಮತ್ತೆ ಸಿಗುತ್ತದೆ. ಆಕಾಶದ ಚಿತ್ರ ಇಂಥದೇ ನಕ್ಷೆ. ಕೋನಗಳು ಗೊತ್ತು, ಅಳತೆ ಗೊತ್ತಿಲ್ಲ. ಒಂದು ತೊಡಕೂ ಇದೆ. ದಾರಿಯಲ್ಲಿ ಸಂತೆ ನೆರೆದಿದ್ದರೆ ಗಾಡಿ ನಿಧಾನವಾಗುವಂತೆ, ಗೆಲಾಕ್ಸಿಯ ಗುರುತ್ವ ದಟ್ಟವಾಗಿರುವ ಕಡೆ ಬೆಳಕಿಗೂ ತಡವಾಗುತ್ತದೆ. ಗೆಲಾಕ್ಸಿಯ ಭಾರ ಹೇಗೆ ಹರಡಿದೆ ಎಂಬುದನ್ನು ತಿಳಿಯದೆ ಲೆಕ್ಕ ಸರಿಹೋಗದು. ಈ ವಿಧಾನದ ಅನುಮಾನಗಳೆಲ್ಲ ಇರುವುದು ಇಲ್ಲಿಯೇ.

ರೆಫ್ಸ್‌ದಾಲ್ ಲೆಕ್ಕ ಹಾಕಿದಾಗ ಇಂಥ ಮಸೂರ ಒಂದೂ ಕಂಡಿರಲಿಲ್ಲ. ಮೊದಲನೆಯದು ಪತ್ತೆಯಾದದ್ದು 1979ರಲ್ಲಿ, ಬಪ್ಪು ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರಾದ ವರ್ಷ. ಕ್ವೇಸಾರ್ ಎಂಬ ಅತಿ ದೂರದ, ಅತಿ ಪ್ರಕಾಶದ ಕಾಯವೊಂದು ಅವಳಿಯಾಗಿ ಕಂಡಿತು. ಆದರೆ ಆ ಅವಳಿಯ ತಡ ಎಷ್ಟು ಎಂಬುದು ಇತ್ಯರ್ಥವಾಗಲು 18 ವರ್ಷ ಬೇಕಾಯಿತು. 410ರ ಆಸುಪಾಸಿನ ದಿನಗಳು ಎಂದು ಕೆಲವರು, 540ರ ಹತ್ತಿರ ಎಂದು ಇನ್ನು ಕೆಲವರು ವಾದಿಸಿದರು. 417 ದಿನ ಎಂದು 1997ರಲ್ಲಿ ಖಚಿತವಾಯಿತು. ಕಾರಣ ಸರಳ. ವರ್ಷಗಟ್ಟಲೆ, ಕೆಲವೇ ದಿನಗಳಿಗೊಮ್ಮೆ, ಒಂದೇ ಕಾಯದ ಬೆಳಕನ್ನು ಬಿಡದೆ ಅಳೆಯಬೇಕು. ಜಗತ್ತಿನ ಅತಿ ದೊಡ್ಡ ದೂರದರ್ಶಕಗಳಲ್ಲಿ ಯಾರಿಗೂ ಅಷ್ಟು ರಾತ್ರಿಗಳು ಸಿಗುವುದಿಲ್ಲ. ಇದಕ್ಕೆ ಮಧ್ಯಮ ಗಾತ್ರದ, ಆದರೆ ತನ್ನದೇ ಆದ ದೂರದರ್ಶಕ ಬೇಕು. ಮೇಲಿನ ವಾದಕ್ಕೆ ಉತ್ತರ ಇದರಲ್ಲಿದೆ. ಅತಿಥಿಯಾಗಿ ಹೋದವನಿಗೆ ಒಂದು ರಾತ್ರಿಯ ಊಟ ಸಿಕ್ಕೀತು, ಆರು ವರ್ಷದ ಬೆಳೆ ತೆಗೆಯಲು ಸ್ವಂತ ಹೊಲವೇ ಬೇಕು.

ಆ ಹೊಲದಲ್ಲಿ ಗುರುತ್ವ ಮಸೂರದ ಬೆಳೆ ಬರುವುದನ್ನು ಬಪ್ಪು ನೋಡಲಿಲ್ಲ. 2.34 ಮೀಟರ್ ದೂರದರ್ಶಕ ಪೂರ್ಣಗೊಂಡದ್ದನ್ನೂ ನೋಡಲಿಲ್ಲ. 1982ರ ಆಗಸ್ಟ್‌ನಲ್ಲಿ ಗ್ರೀಸ್‌ನ ಪಟ್ರಾಸ್‌ನಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ಮಹಾಸಭೆ ಇತ್ತು. ಅಧ್ಯಕ್ಷರಾಗಿ ಅದನ್ನು ನಡೆಸಬೇಕಿದ್ದ ಬಪ್ಪು ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಪತ್ರೆ ಸೇರಿದರು. ಹೃದಯದ ಶಸ್ತ್ರಚಿಕಿತ್ಸೆಯ ನಂತರ, ಆಗಸ್ಟ್ 19ರಂದು, ಸಭೆ ನಡೆಯುತ್ತಿದ್ದಾಗಲೇ ಕೊನೆಯುಸಿರೆಳೆದರು. 55 ವರ್ಷ ತುಂಬಿ ಒಂಬತ್ತು ದಿನಗಳಾಗಿದ್ದವು.

ಕೆಲಸ ನಿಲ್ಲಲಿಲ್ಲ. ಅವರು ತಯಾರು ಮಾಡಿದ ಜನರೇ ಅದನ್ನು ಮುಗಿಸಿದರು. 1986ರ ಜನವರಿ 6ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿ ಕಾವಲೂರಿಗೆ ಬಂದು ದೂರದರ್ಶಕವನ್ನೂ ವೀಕ್ಷಣಾಲಯವನ್ನೂ ವೈನು ಬಪ್ಪು ಹೆಸರಿಗೆ ಅರ್ಪಿಸಿದರು.

ಸಂಸ್ಥೆ ಮುಂದಿನ ದೂರದರ್ಶಕಕ್ಕೆ ಆರಿಸಿಕೊಂಡದ್ದು ಲಡಾಖ್‌ನ ಹಾನ್ಲೆ. ಎತ್ತರ 4,500 ಮೀಟರ್. ಮುಂಗಾರಿನ ಮೋಡ ಹಿಮಾಲಯ ದಾಟಿ ಅಲ್ಲಿಗೆ ಹೋಗುವುದು ಕಡಿಮೆ. ಅಲ್ಲಿನ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ 2000ದಲ್ಲಿ ಮೊದಲ ಬೆಳಕು ಕಂಡಿತು. ಅದು ಅಮೆರಿಕದ ಅರಿಜೋನಾದಲ್ಲಿ ತಯಾರಾದದ್ದು. ಬಪ್ಪು ಅವರ ಸ್ವದೇಶಿ ಹಟ ಇಲ್ಲಿ ಮುಂದುವರಿಯಲಿಲ್ಲ. ಆದರೆ ಅದನ್ನು ನಡೆಸುವ ಕೋಣೆ ಹಾನ್ಲೆಯಲ್ಲಿಲ್ಲ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಸಂಸ್ಥೆಯ ಆವರಣವಿದೆ. ಉಪಗ್ರಹ ಸಂಪರ್ಕದ ಮೂಲಕ ಅಲ್ಲಿಂದಲೇ ದೂರದರ್ಶಕವನ್ನು ತಿರುಗಿಸಬಹುದು, ಚಿತ್ರ ತೆಗೆಯಬಹುದು. ಉಸಿರಾಟಕ್ಕೂ ಕಷ್ಟವಾಗುವ ಎತ್ತರದ ಆಕಾಶವನ್ನು ಹೊಸಕೋಟೆಯಲ್ಲಿ ಕುಳಿತು ನೋಡುವ ಸೌಕರ್ಯ ಇದು.

ಸ್ವಿಟ್ಜರ್ಲೆಂಡ್‌ನ ಲೊಸಾನ್‌ನ ವಿಜ್ಞಾನಿಗಳು ಗುರುತ್ವ ಮಸೂರಗಳ ತಡ ಅಳೆಯಲು ಒಂದು ಅಂತರರಾಷ್ಟ್ರೀಯ ಯೋಜನೆ ಆರಂಭಿಸಿದಾಗ ಹಾನ್ಲೆಯ ದೂರದರ್ಶಕ ಅದರಲ್ಲಿ ಸೇರಿತು. ಸಪ್ತರ್ಷಿ ಮಂಡಲದ ಸೀಮೆಯಲ್ಲಿರುವ ಅವಳಿ ಬಿಂಬದ ಕ್ವೇಸಾರ್ ಒಂದನ್ನು ಸ್ಪೇನ್‌ನ ಲಾ ಪಾಲ್ಮಾ ದ್ವೀಪ, ಉಜ್ಬೆಕಿಸ್ತಾನದ ಮೈದಾನಕ್ ಮತ್ತು ಹಾನ್ಲೆಯ ದೂರದರ್ಶಕಗಳು ಪಾಳಿಯಂತೆ ಆರು ವರ್ಷಕ್ಕೂ ಹೆಚ್ಚು ಕಾಲ ಕಾದವು. ಈ ಅಧ್ಯಯನದ ಮುಂಚೂಣಿಯಲ್ಲಿದ್ದವರು ಬೆಂಗಳೂರಿನ ಸಂಸ್ಥೆಯ ಎಸ್. ರತ್ನಕುಮಾರ್. 2013ರಲ್ಲಿ ಫಲಿತಾಂಶ ಬಂತು: 119.3 ದಿನ, ಹೆಚ್ಚುಕಡಿಮೆ 3.3 ದಿನ. ಮೊದಲ ಬಿಂಬದಲ್ಲಿ ಸಂಕ್ರಾಂತಿಯ ದಿನ ಕಂಡ ಹೊಳಪು ಎರಡನೆಯದರಲ್ಲಿ ಕಾಣುವುದು ಮೇ ತಿಂಗಳ ನಡುವೆ.

ರತ್ನಕುಮಾರ್ ತಮ್ಮ ಸಂಸ್ಥೆಯ ಸಿ.ಎಸ್. ಸ್ಟಾಲಿನ್ ಮತ್ತು ಟಿ.ಪಿ. ಪ್ರಭು ಅವರೊಂದಿಗೆ ಇಂಥ ಹತ್ತು ಮಸೂರಗಳ ತಡವನ್ನು ಒಟ್ಟುಗೂಡಿಸಿ 2015ರಲ್ಲಿ ಹಬಲ್ ಸ್ಥಿರಾಂಕವನ್ನು ಲೆಕ್ಕ ಹಾಕಿದರು. ಸಿಕ್ಕ ಅಂಕಿ 68.1, ಎರಡೂ ಕಡೆ 5.9ರಷ್ಟು ಅನಿಶ್ಚಿತತೆ. ಬಪ್ಪು ಅವರ ಕಾಲದ 50 ಮತ್ತು 100ರ ಜಗಳ ಅಷ್ಟರೊಳಗೆ ಕರಗಿತ್ತು. ಅದರ ಜಾಗದಲ್ಲಿ ಹೊಸದೊಂದು ಹುಟ್ಟಿಕೊಂಡಿದೆ. ವಿಶ್ವದ ಬಾಲ್ಯದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕ 67.4 ಎನ್ನುತ್ತದೆ. ನಕ್ಷತ್ರಗಳ ಏಣಿ ಹತ್ತಿ ಹೋದವರಿಗೆ ಸಿಗುವುದು 73. ಮಸೂರಗಳ ಮೂಲಕ ಹೋದ ಮತ್ತೊಂದು ಅಂತರರಾಷ್ಟ್ರೀಯ ತಂಡ 2020ರಲ್ಲಿ 73.3 ಎಂದಿತು, ಗೆಲಾಕ್ಸಿಯ ಭಾರದ ಹಂಚಿಕೆಯ ಬಗ್ಗೆ ಊಹೆಗಳನ್ನು ಸಡಿಲಿಸಿದರೆ ಅನಿಶ್ಚಿತತೆ ಹಿಗ್ಗುತ್ತದೆ ಎಂಬುದನ್ನೂ ಅದೇ ವರ್ಷ ತೋರಿಸಲಾಯಿತು. ಬೆಂಗಳೂರಿನ 68.1ರ ಅನಿಶ್ಚಿತತೆಯ ವ್ಯಾಪ್ತಿಯೊಳಗೆ 67ಕ್ಕೂ 73ಕ್ಕೂ ಜಾಗವಿದೆ. ಅದನ್ನು ಕಿರಿದು ಮಾಡಲು ಇನ್ನಷ್ಟು ಮಸೂರಗಳನ್ನು, ಇನ್ನಷ್ಟು ವರ್ಷ, ಬಿಡದೆ ನೋಡಬೇಕಾಗುತ್ತದೆ.